ಮೆರ್ರಿ ಕ್ಲೇಟನ್ ಹೆಸರನ್ನು ಬಿಟ್ಟಿದ್ದೇಕೆ?

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ತಂಡದ ‘ಗಿಮ್ಮಿ ಶೆಲ್ಟರ್’ ಹಾಡು ಹುಟ್ಟಿದ ಬಗೆಯನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಕೀತ್ ರಿಚರ್ಡ್ಸ್ ಅವರ ಗಿಟಾರಿಗೆ ಅಲ್ಲಿ ಎರಡು ಪ್ಯಾರಾ ಸಿಕ್ಕಿದೆ. ಮುಖ್ಯ ಗಾಯಕ ಮಿಕ್ ಜ್ಯಾಗರ್ ಅವರ ಹಾರ್ಮೋನಿಕಾಕ್ಕೂ ಜಾಗ ಸಿಕ್ಕಿದೆ. ಹಾಡಿನ ನಡುವೆ ಏಕಾಂಗಿಯಾಗಿ ಎದ್ದುನಿಲ್ಲುವ ಹೆಣ್ಣುದನಿಯನ್ನು ಮಾತ್ರ ‘ಹಿನ್ನೆಲೆಯಲ್ಲಿ ಗಾಯಕಿಯೊಬ್ಬಳ ಚೀತ್ಕಾರ’ ಎಂಬ ಒಂದೇ ತುಂಡು ವಾಕ್ಯದಲ್ಲಿ ಮುಗಿಸಲಾಗಿದೆ. ಆ ಗಾಯಕಿಯ ಹೆಸರು ಮೆರ್ರಿ ಕ್ಲೇಟನ್. ಅವರು ಹಿನ್ನೆಲೆಯಲ್ಲಿಲ್ಲ, ಅವರು ಹಾಡಿದ್ದು ಚೀತ್ಕಾರವೂ ಅಲ್ಲ. ಲೇಖನದ ಉಳಿದ ಭಾಗ ಚೆನ್ನಾಗಿದೆ, ಶ್ರಮಪಟ್ಟು ಬರೆದದ್ದು. ಆದ್ದರಿಂದಲೇ ಈ ಲೋಪ ನನ್ನನ್ನು ಇನ್ನಷ್ಟು ನೋಯಿಸಿತು.

ನಾನು ಕೋರಸ್ ಗಾಯಕಿ. ಎಂಬತ್ತರ ದಶಕದಲ್ಲಿ ಮದ್ರಾಸಿನ ಸ್ಟುಡಿಯೋಗಳಲ್ಲಿಯೂ ಆಮೇಲೆ ಬೆಂಗಳೂರಿನಲ್ಲಿಯೂ ಕನ್ನಡ ಚಿತ್ರಗೀತೆ, ಭಕ್ತಿಗೀತೆ, ಭಾವಗೀತೆಗಳಿಗೆ ದನಿಗೂಡಿಸಿದವಳು. ದೊಡ್ಡ ಗಾಯಕರು ಬಂದು ಹಾಡುವ ಮುನ್ನ ಅವರ ಕಲಿಕೆಗಾಗಿ ‘ಟ್ರ್ಯಾಕ್’ ಹಾಡಿಟ್ಟವಳು. ರಾಕ್ ಸಂಗೀತ ನನ್ನ ಮನೆಯ ಸಂಗೀತವಲ್ಲ, ನನ್ನ ಕಲಿಕೆ ಕರ್ನಾಟಕ ಶಾಸ್ತ್ರೀಯದ್ದು. ಆದರೂ ಈ ಹಾಡು ನನಗೆ ಬಹಳ ಹಳೆಯ ಪರಿಚಯ. ಸ್ಟುಡಿಯೋವೊಂದರ ಧ್ವನಿಗ್ರಾಹಕರು ಊಟದ ಬಿಡುವಿನಲ್ಲಿ ದೊಡ್ಡ ಸ್ಪೀಕರುಗಳಲ್ಲಿ ಇದನ್ನು ಹಾಕಿ, ‘ಮೂರನೆಯ ನಿಮಿಷದ ಹೊತ್ತಿಗೆ ಗಮನವಿಟ್ಟು ಕೇಳಮ್ಮ’ ಎಂದಿದ್ದರು. ಅಂದು ಕೇಳಿದ್ದನ್ನು ನಾನು ಮರೆತಿಲ್ಲ. ಹಾಡುವವರು ಹಾಡುವವರನ್ನು ಬೇರೆಯೇ ಕಿವಿಯಿಂದ ಕೇಳುತ್ತಾರೆ. ಆ ಕಿವಿಗೆ ಕೇಳಿಸಿದ್ದನ್ನು ನಿಮ್ಮ ಓದುಗರಿಗೂ ತಿಳಿಸಬೇಕೆಂದು ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ.

ಹಾಡಿನ ಮೊಳಕೆ ಲಂಡನ್ನಿನದು. 1968ರ ಕೊನೆಯ ಭಾಗದಲ್ಲಿ, ಮೌಂಟ್ ಸ್ಟ್ರೀಟಿನಲ್ಲಿದ್ದ ಸ್ನೇಹಿತರ ಮನೆಯ ಕಿಟಕಿಯ ಬಳಿ ಕುಳಿತಿದ್ದ ಕೀತ್ ರಿಚರ್ಡ್ಸ್, ಹೊರಗೆ ಬಿರುಗಾಳಿ ಮಳೆಗೆ ಸಿಕ್ಕಿ ಜನ ಆಸರೆಗಾಗಿ ಓಡುತ್ತಿದ್ದುದನ್ನು ನೋಡುತ್ತ ಸ್ವರ ಹೊಸೆದರು. ಜ್ಯಾಗರ್ ಆಗ ಒಂದು ಸಿನಿಮಾದ ಚಿತ್ರೀಕರಣದಲ್ಲಿದ್ದರು. ಮುಂದಿನ ವರ್ಷದ ಫೆಬ್ರವರಿ, ಮಾರ್ಚ್‌ನಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ವಾದ್ಯಗಳ ಭಾಗ ಮುದ್ರಣವಾಯಿತು. ನಿರ್ಮಾಪಕರು ಜಿಮ್ಮಿ ಮಿಲ್ಲರ್. ಡ್ರಮ್ಸ್‌ನಲ್ಲಿ ಚಾರ್ಲಿ ವಾಟ್ಸ್, ಬೇಸ್‌ನಲ್ಲಿ ಬಿಲ್ ವೈಮನ್, ಪಿಯಾನೋದಲ್ಲಿ ನಿಕಿ ಹಾಪ್ಕಿನ್ಸ್. ಆರಂಭದಲ್ಲಿ ಕೇಳುವ ಕರಕರ ಸದ್ದು ಗೀರುಗಳಿರುವ ಗುಯಿರೋ ಎಂಬ ತಾಳವಾದ್ಯದ್ದು. ರಿಚರ್ಡ್ಸ್ ನುಡಿಸಿದ್ದು ಯಾರೋ ಅವರ ಮನೆಯಲ್ಲಿ ಬಿಟ್ಟುಹೋಗಿದ್ದ ಆಸ್ಟ್ರೇಲಿಯಾದ ಮೇಟನ್ ಗಿಟಾರ್. ಮುದ್ರಣದ ಕೊನೆಯ ಸ್ವರಕ್ಕೆ ಸರಿಯಾಗಿ ಅದರ ಕತ್ತು ಕಳಚಿ ಬಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ನಿಮ್ಮ ಲೇಖನ ಈ ಪ್ರಸಂಗವನ್ನು ವಿಸ್ತಾರವಾಗಿ ವರ್ಣಿಸಿದೆ. ಮುರಿದ ಗಿಟಾರಿನ ಕಂಪನಿಯ ಹೆಸರು ಸಹಿತ ಅಚ್ಚಾಗಿದೆ! ಹಾಡಿದವಳ ಹೆಸರಿಲ್ಲ.

ಆ ವರ್ಷದ ಕೊನೆಯ ಭಾಗದಲ್ಲಿ ತಂಡ ಲಾಸ್ ಏಂಜಲೀಸ್‌ಗೆ ಬಂದಿತ್ತು. ಹಾಡಿನ ಅಂತಿಮ ಮಿಶ್ರಣ ನಡೆಯುತ್ತಿದ್ದಾಗ, ಇಲ್ಲೊಂದು ಹೆಣ್ಣುದನಿ ಬೇಕು ಎಂದು ಅವರಿಗೆ ಅನ್ನಿಸಿತು. ಜ್ಯಾಕ್ ನಿಚೆ ಎಂಬ ಸಂಗೀತ ಸಂಯೋಜಕರು ನಡುರಾತ್ರಿಯ ಹೊತ್ತಿಗೆ ಮೆರ್ರಿ ಕ್ಲೇಟನ್ ಮನೆಗೆ ದೂರವಾಣಿ ಮಾಡಿದರು. ಮೆರ್ರಿಗೆ ಆಗ ಇನ್ನೂ ಇಪ್ಪತ್ತು ವರ್ಷ. ತುಂಬು ಗರ್ಭಿಣಿ. ಮಲಗಲು ಸಿದ್ಧರಾಗಿ ಕೂದಲಿಗೆ ಸುರುಳಿಗಳನ್ನು ಸುತ್ತಿಕೊಂಡಿದ್ದರು. ಇಂಗ್ಲೆಂಡಿನಿಂದ ಬಂದ ಆ ಹುಡುಗರು ಯಾರೆಂಬುದೇ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಪತಿ ಕರ್ಟಿಸ್ ಏಮಿ ಹೆಸರಾಂತ ಸ್ಯಾಕ್ಸೋಫೋನ್ ವಾದಕರು, ಅವರು ಹೋಗು ಎಂದರು. ರೇಷ್ಮೆಯ ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಮೆರ್ರಿ ಸ್ಟುಡಿಯೋಗೆ ಬಂದರು.

ಅವರ ಕೈಗೆ ಕೊಟ್ಟ ಸಾಲು ಸುಲಭದ್ದಲ್ಲ. ಅತ್ಯಾಚಾರ, ಕೊಲೆ ಎಂಬ ಎರಡು ಮಾತು. ಅವು ಒಂದು ಗುಂಡೇಟಿನಷ್ಟೇ ದೂರದಲ್ಲಿವೆ ಎಂಬ ಎಚ್ಚರಿಕೆ. ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಯ ಮಗಳು ಅವರು. ಇದನ್ನೇಕೆ ನಾನು ಹಾಡಬೇಕು ಎಂದು ಕೇಳಿದರು. ಹಾಡಿನ ತಾತ್ಪರ್ಯ ವಿವರಿಸಿದ ಮೇಲೆ ಒಪ್ಪಿದರು. ಅಮೆರಿಕ ವಿಯೆಟ್ನಾಂನಲ್ಲಿ ಯುದ್ಧ ಮಾಡುತ್ತಿದ್ದ ದಿನಗಳು ಅವು. ಮನೆಮನೆಯ ಟಿ.ವಿ.ಯಲ್ಲಿ ಆ ರಕ್ತ ಕಾಣುತ್ತಿತ್ತು. ಅರ್ಥ ತಿಳಿಯದೆ ಬಾಯಿ ತೆರೆಯದ ಗಾಯಕಿಯ ಬಗ್ಗೆ ನನಗೆ ಅಪಾರ ಗೌರವ. ನಮ್ಮ ಸ್ಟುಡಿಯೋಗಳಲ್ಲಿ ಕೋರಸ್ಸಿನವರು ಸಾಲಿನ ಅರ್ಥ ಕೇಳಿದರೆ ‘ನಿಮಗೇಕೆ, ಸ್ವರ ನೋಡಿಕೊಳ್ಳಿ’ ಎಂಬ ಉತ್ತರ ಬರುತ್ತಿತ್ತು.

ಹೊಟ್ಟೆಯ ಭಾರದಿಂದಾಗಿ ಅವರಿಗೆ ಕುಳಿತು ಹಾಡಲು ಒಂದು ಎತ್ತರದ ಪೀಠ ಕೊಟ್ಟರಂತೆ. ಮೊದಲ ಸಲ ಹಾಡಿದ್ದು ಎಲ್ಲರಿಗೂ ಹಿಡಿಸಿತು. ಇನ್ನೊಮ್ಮೆ ಹಾಡುವಿರಾ ಎಂದು ಕೇಳಿದರು. ಆಗ ಮೆರ್ರಿ, ಈ ಸಲ ಇವರೆಲ್ಲ ಕೋಣೆಯಿಂದ ಹಾರಿಹೋಗಬೇಕು ಎಂದು ಮನಸ್ಸಿನಲ್ಲಿಯೇ ನಿಶ್ಚಯಿಸಿಕೊಂಡು, ದನಿಯನ್ನು ಒಂದು ಸ್ಥಾಯಿ ಮೇಲಕ್ಕೆ ಏರಿಸಿದರು. ಇದನ್ನು ಅವರೇ ಹೇಳಿದ್ದಾರೆ. ಹೀಗೆ ಹಾಡಿ ಎಂದು ಅವರಿಗೆ ಯಾರೂ ಹೇಳಿಕೊಡಲಿಲ್ಲ. ಯಾವ ಕಾಗದದಲ್ಲಿಯೂ ಅದು ಬರೆದಿರಲಿಲ್ಲ. ಆ ಏರಿಕೆ ಅವರ ತೀರ್ಮಾನ.

ಅದು ಎಂಥ ತೀರ್ಮಾನವೆಂಬುದನ್ನು ಹಾಡದವರಿಗೆ ತಿಳಿಸುವುದು ಕಷ್ಟ. ಹೆಣ್ಣುದನಿ ತಾರಸ್ಥಾಯಿಗೆ ಹೋಗುವಾಗ ಸಾಮಾನ್ಯವಾಗಿ ತಲೆಯ ದನಿಗೆ ಜಾರುತ್ತದೆ, ತೆಳುವಾಗುತ್ತದೆ, ಇಂಪಾಗುತ್ತದೆ. ನಾವು ಕಲಿಯುವುದೇ ಹಾಗೆ, ಚಿತ್ರಗೀತೆಗಳು ಬಯಸುವುದೂ ಅದನ್ನೇ. ಮೆರ್ರಿ ಹಾಗೆ ಜಾರಲು ಒಪ್ಪಲಿಲ್ಲ. ಎದೆಯ ದನಿಯ ಪೂರ್ತಿ ತೂಕವನ್ನು ಹೊತ್ತುಕೊಂಡೇ ಮೇಲೆ ಹೋದರು. ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಮೊದಲಿಗಿಂತ ಹೆಚ್ಚು ಒತ್ತಡ. ಹಾಡಿನ ಮೂರನೆಯ ನಿಮಿಷದ ಆಸುಪಾಸಿನಲ್ಲಿ, ಗುಂಡೇಟನ್ನು ಹೇಳುವ ಪದದ ಮೇಲೆ ದನಿ ಸೀಳುತ್ತದೆ. ಕೆಲವೇ ಕ್ಷಣಗಳಲ್ಲಿ ಕೊಲೆಯೆಂಬ ಪದದ ಮೇಲೆ ಇನ್ನೊಮ್ಮೆ, ಇನ್ನೂ ಆಳವಾಗಿ, ಬಿದಿರು ಸೀಳಿದ ಹಾಗೆ ಬಿರಿಯುತ್ತದೆ. ಬಿರಿದ ಮೇಲೂ ಶ್ರುತಿ ಬಿಡುವುದಿಲ್ಲ, ಲಯ ಬಿಡುವುದಿಲ್ಲ, ಮುಂದಿನ ಪದಕ್ಕೆ ಸರಿಯಾದ ಮಾತ್ರೆಗೆ ಬಂದು ನಿಲ್ಲುತ್ತಾರೆ. ಇದನ್ನು ಚೀತ್ಕಾರ ಎನ್ನಲು ಹೇಗೆ ಸಾಧ್ಯ? ಚೀತ್ಕಾರಕ್ಕೆ ಲಯ ಇರುವುದಿಲ್ಲ.

ಅದೇ ಹೊತ್ತಿಗೆ ಹಿಂದಿನಿಂದ ಗಂಡುದನಿಯೊಂದು ಬೆರಗಿನಿಂದ ಕೂಗುವುದು ಕ್ಷೀಣವಾಗಿ ಕೇಳುತ್ತದೆ. ಅದು ಜ್ಯಾಗರ್. ಅವರು ಆ ಕೂಗನ್ನು ಅಳಿಸದೆ ಹಾಗೆಯೇ ಉಳಿಸಿದರು. ಒಡೆದ ದನಿಯನ್ನೂ ‘ಸರಿಪಡಿಸಲು’ ಹೋಗಲಿಲ್ಲ. ಈ ವಿವೇಕಕ್ಕೆ ತಂಡವನ್ನು ಮೆಚ್ಚಲೇಬೇಕು. ನಾನು ಹಾಡಿದ ಕಡೆಗಳಲ್ಲಿ ದನಿ ಕೂದಲೆಳೆಯಷ್ಟು ನಡುಗಿದರೂ ಮತ್ತೊಂದು ಟೇಕ್ ಆಗುತ್ತಿತ್ತು. ವಾದ್ಯಗಳನ್ನೆಲ್ಲ ತೆಗೆದು ಮೆರ್ರಿಯವರ ದನಿಯೊಂದನ್ನೇ ಉಳಿಸಿದ ಧ್ವನಿಮುದ್ರಣ ಅಂತರ್ಜಾಲದಲ್ಲಿದೆ. ನಿಮ್ಮ ಲೇಖಕರು ಅದನ್ನು ಒಮ್ಮೆ ಕೇಳಲಿ. ಪ್ರತಿ ಸಾಲಿನ ಮುನ್ನ ಅವರು ಉಸಿರನ್ನು ಎಲ್ಲಿಂದ ಎತ್ತುತ್ತಾರೆಂಬುದನ್ನು ಗಮನಿಸಲಿ.

ಇನ್ನು ಮುಂದಿನದನ್ನು ಬರೆಯುವಾಗ ಮನಸ್ಸು ಭಾರವಾಗುತ್ತದೆ. ಹಾಡಿ ಮನೆಗೆ ಮರಳಿದ ಮೆರ್ರಿಗೆ ಗರ್ಭಪಾತವಾಯಿತು. ಆ ರಾತ್ರಿಯ ಶ್ರಮವೇ ಕಾರಣ ಎಂದು ಹೇಳಿದವರಿದ್ದಾರೆ. ದೇಹದ ವಿಷಯದಲ್ಲಿ ಹಾಗೆ ಖಚಿತವಾಗಿ ಹೇಳುವ ಅಧಿಕಾರ ನನಗಿಲ್ಲ, ಅವರ ನೋವನ್ನು ಹಾಡಿನ ರೋಚಕ ಕಥೆಯಾಗಿ ಮಾರುವುದೂ ನನಗೆ ಒಪ್ಪಿತವಲ್ಲ. ವರ್ಷಗಳ ಕಾಲ ಆ ಹಾಡನ್ನು ಕೇಳುವುದು ಅವರಿಗೆ ಕಷ್ಟವಾಗಿತ್ತು. ಮುಂದೆ 1986ರ ಸಂದರ್ಶನವೊಂದರಲ್ಲಿ, ಅದು ಬಹಳ ಕತ್ತಲಿನ ಕಾಲವಾಗಿತ್ತು, ಅದನ್ನು ದಾಟುವ ಬಲವನ್ನು ದೇವರು ಕೊಟ್ಟ, ಈಗ ಆ ಹಾಡು ತನ್ನನ್ನು ಕಾಡುವುದಿಲ್ಲ ಎಂಬ ಅರ್ಥದ ಮಾತುಗಳನ್ನು ಹೇಳಿದರು. ಇಷ್ಟು ಸಾಕು.

‘ಲೆಟ್ ಇಟ್ ಬ್ಲೀಡ್’ ಆಲ್ಬಮ್ 1969ರ ಕೊನೆಗೆ ಮಾರುಕಟ್ಟೆಗೆ ಬಂದಿತು. ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಏರಿತು. ಅದರ ಮೊದಲ ಹಾಡೇ ಇದು. ಹೊದಿಕೆಯ ಮೇಲೆ ಮೆರ್ರಿಯವರ ಹೆಸರೇನೋ ಇತ್ತು, ಆದರೆ ತಪ್ಪಾಗಿ: ಮೆರ್ರಿ ಬದಲು ಮೇರಿ ಎಂದು ಅಚ್ಚಾಗಿತ್ತು. ಕ್ರಿಸ್‌ಮಸ್ ದಿನ ಹುಟ್ಟಿದ ಮಗು ಎಂದು, ‘ಮೆರ್ರಿ ಕ್ರಿಸ್‌ಮಸ್’ ಎಂಬ ಶುಭಾಶಯದ ಮಾತಿನಿಂದ ಹೆತ್ತವರು ಪ್ರೀತಿಯಿಂದ ಇಟ್ಟ ಹೆಸರು ಮೆರ್ರಿ. ಐವತ್ತಕ್ಕೂ ಹೆಚ್ಚು ವರ್ಷ ಕಳೆದಿದೆ. ಆ ಕಂಪನಿ ತಪ್ಪು ಅಕ್ಷರದಲ್ಲಾದರೂ ಹಾಕಿತ್ತು, ನಮ್ಮ ಪುರವಣಿ ಪೂರ್ತಿ ಬಿಟ್ಟಿತು.

ಇಷ್ಟಕ್ಕೂ ಅವರು ಎಲ್ಲಿಂದಲೋ ಒಂದು ರಾತ್ರಿ ಬಂದು ಮರೆಯಾದ ಅನಾಮಿಕಳಲ್ಲ. ಹುಟ್ಟಿದ್ದು 1948ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ. ತಂದೆಯ ಚರ್ಚಿಗೆ ಮಹೇಲಿಯಾ ಜ್ಯಾಕ್ಸನ್ ಅಂಥವರು ಬರುತ್ತಿದ್ದರು, ಆ ಮಹಾಗಾಯಕಿಯ ಪಕ್ಕ ಕುಳಿತು ಬೆಳೆದ ಹುಡುಗಿ ಇವರು. ಹದಿನಾಲ್ಕರ ವಯಸ್ಸಿಗೆ ಬಾಬಿ ಡಾರಿನ್ ಜೊತೆ ಧ್ವನಿಮುದ್ರಣ. ಆಮೇಲೆ ರೇ ಚಾರ್ಲ್ಸ್ ಅವರ ಗಾಯಕಿಯರ ತಂಡವಾದ ರೇಲೆಟ್ಸ್‌ನಲ್ಲಿ ಹಾಡಿದರು. ಅಂದರೆ ಸ್ಟೋನ್ಸ್ ತಂಡ ಆ ರಾತ್ರಿ ಕರೆಸಿದ್ದು ನುರಿತ ಕಲಾವಿದೆಯನ್ನು. 1970ರಲ್ಲಿ ಮೆರ್ರಿ ಇದೇ ಹಾಡನ್ನು ತಮ್ಮ ಹೆಸರಿನಲ್ಲಿ, ತಮ್ಮ ಆಲ್ಬಮ್ಮಿನಲ್ಲಿ ಮತ್ತೆ ಹಾಡಿದರು. ಲೂ ಆಡ್ಲರ್ ಅದರ ನಿರ್ಮಾಪಕರು. ಸ್ಟೋನ್ಸ್ ಈ ಹಾಡನ್ನು ಆಗ ಬಿಡಿ ತಟ್ಟೆಯಾಗಿ ಹೊರತರಲೇ ಇಲ್ಲ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಗೆ ಅಂದು ಹಾಡನ್ನು ಒಯ್ದದ್ದು ಮೆರ್ರಿಯವರ ತಟ್ಟೆ. 73ನೆಯ ಸ್ಥಾನದವರೆಗೆ ಅದು ಏರಿತು. 1972ರಲ್ಲಿ ‘ಟಾಮಿ’ ಎಂಬ ರಾಕ್ ಒಪೆರಾ (ರಾಕ್ ಸಂಗೀತದ ಗೀತನಾಟಕ) ಲಂಡನ್ ರಂಗದ ಮೇಲೆ ಬಂದಾಗ ಆಸಿಡ್ ಕ್ವೀನ್ ಪಾತ್ರ ಅವರದಾಗಿತ್ತು. ಆದರೂ ಅವರ ಸ್ವಂತ ಆಲ್ಬಮ್ಮುಗಳು ನಿರೀಕ್ಷೆಯಂತೆ ಮಾರಾಟವಾಗಲಿಲ್ಲ, ಜಗತ್ತು ಅವರನ್ನು ಇನ್ನೊಬ್ಬರ ಹಾಡಿನ ದನಿಯಾಗಿಯೇ ಉಳಿಸಿಕೊಂಡಿತು. 2013ರಲ್ಲಿ ಮಾರ್ಗನ್ ನೆವಿಲ್ ನಿರ್ದೇಶನದ ಸಾಕ್ಷ್ಯಚಿತ್ರವೊಂದು ಅಮೆರಿಕದ ಸಹಗಾಯಕಿಯರ ಬದುಕನ್ನು ಮುಂದಿಟ್ಟು, ಮರುವರ್ಷ ಆಸ್ಕರ್ ಪಡೆಯಿತು. ಬಹಳ ಜನ ಮೆರ್ರಿಯವರ ಮುಖ ನೋಡಿದ್ದು ಆಗಲೇ.

ಪ್ರಶಸ್ತಿ ಬಂದ ಕೆಲವೇ ತಿಂಗಳಿಗೆ, 2014ರ ಜೂನ್‌ನಲ್ಲಿ ಅವರ ಕಾರು ಭೀಕರ ಅಪಘಾತಕ್ಕೀಡಾಯಿತು. ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ವೈದ್ಯರು ಈ ಸುದ್ದಿ ತಿಳಿಸಿದಾಗ ಅವರು ಕೇಳಿದ್ದು, ನನ್ನ ದನಿಗೆ ಏನಾದರೂ ಆಗಿದೆಯೇ ಎಂದು. ಇಲ್ಲ ಎಂದ ಮೇಲೆ ಅಲ್ಲಿಯೇ ಹಾಡತೊಡಗಿದರಂತೆ. 2021ರಲ್ಲಿ ಹೊಸ ಆಲ್ಬಮ್ ತಂದರು. ಇಂಥವರನ್ನು ‘ಗಾಯಕಿಯೊಬ್ಬಳು’ ಎಂದು ಏಕವಚನದಲ್ಲಿ ದಾಟಿಸಿಬಿಡುವುದು ನ್ಯಾಯವೇ, ನೀವೇ ಹೇಳಿ.

ನನ್ನ ಸೊಸೆ ಈ ಪತ್ರದ ಕರಡು ಓದಿ ಒಂದು ಪ್ರಶ್ನೆ ಕೇಳಿದಳು: ‘ಅವರಿಗೆ ಹಣ ಕೊಟ್ಟಿದ್ದಾರೆ, ಅವರು ಹಾಡಿದ್ದಾರೆ. ಹಾಡು ಬರೆದವರು ಬೇರೆ. ಇನ್ನೇನು ಬಾಕಿ?’ ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹೇಳಲು ಲಂಡನ್ನಿನ ಇನ್ನೊಂದು ಪ್ರಕರಣ ನೆನಪಿಗೆ ಬರುತ್ತದೆ.

1973ರ ಜನವರಿಯ ಒಂದು ಭಾನುವಾರ ಪಿಂಕ್ ಫ್ಲಾಯ್ಡ್ ತಂಡ ಕ್ಲೇರ್ ಟಾರಿ ಎಂಬ ಗಾಯಕಿಯನ್ನು ಅಬ್ಬೆ ರೋಡ್ ಸ್ಟುಡಿಯೋಗೆ ಕರೆಸಿತು. ಪಿಯಾನೋ ವಾದಕ ರಿಚರ್ಡ್ ರೈಟ್ ಹೆಣೆದ ಸ್ವರಪುಂಜಗಳಿದ್ದವು, ಸಾಹಿತ್ಯವಿರಲಿಲ್ಲ. ಕ್ಲೇರ್ ಮೊದಲು ಬಾಯಿಗೆ ಬಂದ ಮಾತುಗಳನ್ನು ಹಾಕಿ ಹಾಡಿದಾಗ, ಪದಗಳು ಬೇಡ ಎಂದರು. ಹಾಗಾದರೆ ನಾನೇ ಒಂದು ವಾದ್ಯ ಎಂದುಕೊಂಡು ಅವರು ಬರಿಯ ದನಿಯಲ್ಲಿ ಆಲಾಪಿಸಿದರು. ಎರಡು ಮೂರು ಟೇಕ್‌ಗಳಲ್ಲಿ ಕೆಲಸ ಮುಗಿಯಿತು. ಭಾನುವಾರವಾದ್ದರಿಂದ ದುಪ್ಪಟ್ಟು ದರ, 30 ಪೌಂಡ್. ತನ್ನ ದನಿಯನ್ನು ಬಳಸಿಕೊಂಡಿದ್ದಾರೆಂಬುದು ಅವರಿಗೆ ತಿಳಿದದ್ದೇ ಅಂಗಡಿಯಲ್ಲಿ ಆಲ್ಬಮ್ಮಿನ ಹೊದಿಕೆ ನೋಡಿದಾಗ. ಆ ಆಲ್ಬಮ್ ಕೋಟಿಗಟ್ಟಲೆ ಮಾರಾಟವಾಯಿತು. ಮೂವತ್ತೊಂದು ವರ್ಷದ ಮೇಲೆ, 2004ರಲ್ಲಿ ಕ್ಲೇರ್ ನ್ಯಾಯಾಲಯಕ್ಕೆ ಹೋದರು. ಅಲ್ಲಿ ಹಾಡಿದ ರಾಗ ನನ್ನದೇ ಕಲ್ಪನೆ, ಆದ್ದರಿಂದ ರಚನೆಯಲ್ಲಿ ನನಗೂ ಪಾಲಿದೆ ಎಂಬುದು ಅವರ ವಾದ. ಮರುವರ್ಷ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಅಂದಿನಿಂದ ಬರುವ ಮುದ್ರಣಗಳಲ್ಲಿ ರೈಟ್ ಹೆಸರಿನ ಜೊತೆ ಗಾಯನ ರಚನೆಗಾಗಿ ಕ್ಲೇರ್ ಟಾರಿಯವರ ಹೆಸರೂ ಇದೆ.

ಮೆರ್ರಿಯವರದ್ದು ಇದೇ ಬಗೆಯ ಪ್ರಕರಣ ಎಂದು ನಾನು ವಾದಿಸುವುದಿಲ್ಲ. ಕ್ಲೇರ್ ರಾಗವನ್ನೇ ಕಟ್ಟಿದರು, ಮೆರ್ರಿಗೆ ಸಾಲೂ ಧಾಟಿಯೂ ಮೊದಲೇ ಸಿದ್ಧವಾಗಿ ಸಿಕ್ಕಿದವು. ರಚನೆಯ ಹಕ್ಕು ಜ್ಯಾಗರ್ ಮತ್ತು ರಿಚರ್ಡ್ಸ್ ಅವರದೇ, ಅದರಲ್ಲಿ ತಕರಾರಿಲ್ಲ. ಆದರೆ ರಚನೆ ಕಾಗದದ ಮೇಲಿರುವುದು. ಜನ ಐವತ್ತು ವರ್ಷದಿಂದ ಕೇಳುತ್ತಿರುವುದು ಒಂದು ಧ್ವನಿಮುದ್ರಣವನ್ನು, ಅದರಲ್ಲಿ ಎಲ್ಲರೂ ಕಿವಿ ನಿಮಿರಿಸುವುದು ಆ ಒಂದು ಜಾಗಕ್ಕೆ. ಅದನ್ನು ಮಾಡಿದವರು ಮೆರ್ರಿ. ಸಂಭಾವನೆ ಅಂದಿನ ದುಡಿಮೆಗೆ ಸಂದದ್ದು. ಹೆಸರು ಬೇರೆ ಲೆಕ್ಕ, ಒಂದು ಕೊಟ್ಟ ಮಾತ್ರಕ್ಕೆ ಇನ್ನೊಂದು ತೀರುವುದಿಲ್ಲ. ಸೊಸೆಗೂ ಇದನ್ನೇ ಹೇಳಿದೆ.

ಈ ತಂಡ ಬೆಂಗಳೂರಿಗೂ ಬಂದಿತ್ತು. 2003ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ಕಾರ್ಯಕ್ರಮ ನಡೆಯಿತು. ನನ್ನ ಮಗ ಹೋಗಿದ್ದ. ಮನೆಗೆ ಬಂದವನು ಜ್ಯಾಗರ್ ವೇದಿಕೆಯಲ್ಲಿ ಓಡಾಡಿದ ಪರಿಯನ್ನು ವರ್ಣಿಸಿದ ಮೇಲೆ, ‘ಅಮ್ಮ, ಅಲ್ಲೊಬ್ಬ ಹಾಡುಗಾರ್ತಿ ಇದ್ದರು, ಅವರ ದನಿಯನ್ನು ನೀನು ಕೇಳಬೇಕಿತ್ತು’ ಎಂದ. ಹೆಸರು ಅವನಿಗೂ ಗೊತ್ತಿರಲಿಲ್ಲ. ಅವರು ಲೀಸಾ ಫಿಶರ್. 1989ರಿಂದ 2015ರವರೆಗೆ ಸ್ಟೋನ್ಸ್ ಜೊತೆ ಊರೂರು ಸುತ್ತಿ, ವೇದಿಕೆಯ ಮೇಲೆ ಮೆರ್ರಿಯವರ ಭಾಗವನ್ನು ಹಾಡಿದವರು. ತಮ್ಮದೇ ಹಾಡಿಗೆ ಗ್ರ್ಯಾಮಿ ಪಡೆದವರು. ಅಷ್ಟು ಹತ್ತಿರಕ್ಕೆ ಬಂದು ಹೋದರೂ ಇಲ್ಲಿ ಎಷ್ಟು ಮಂದಿ ಅವರ ಹೆಸರು ಕೇಳಿದ್ದಾರೆ?

ಇನ್ನು ನಮ್ಮ ಮನೆಯ ಮಾತು. ನಾನು ಹಾಡಲು ಆರಂಭಿಸಿದಾಗ ಕೋರಸ್ಸಿನ ನಾಲ್ಕಾರು ಹೆಣ್ಣುಮಕ್ಕಳು ಒಂದೇ ಮೈಕಿನ ಸುತ್ತ ಅರ್ಧಚಂದ್ರಾಕಾರದಲ್ಲಿ ನಿಲ್ಲುತ್ತಿದ್ದೆವು. ಎತ್ತರದವರು, ಗಟ್ಟಿ ದನಿಯವರು ಹಿಂದೆ, ಮೆಲುದನಿಯವರು ಮುಂದೆ. ವಾದ್ಯವೃಂದವೂ ಮುಖ್ಯ ಗಾಯಕರೂ ನಾವೂ ಒಟ್ಟಿಗೆ ಹಾಡಿ ನುಡಿಸುವ ಪದ್ಧತಿ ಇನ್ನೂ ಉಳಿದಿದ್ದ ಕಾಲ. ಕೊನೆಯ ಚರಣದಲ್ಲಿ ನಮ್ಮಲ್ಲೊಬ್ಬರ ಉಸಿರು ತಪ್ಪಿದರೆ ಮೊದಲಿನಿಂದ ಎಲ್ಲವನ್ನೂ ಮತ್ತೆ ಆರಂಭಿಸಬೇಕು. ಪಿಟೀಲಿನವರೆಲ್ಲ ತಿರುಗಿ ನೋಡುತ್ತಿದ್ದರು. ಆ ಭಯದಲ್ಲಿ ನಿಂತು ಹಾಡಿದವರ ಹೆಸರುಗಳು ತಟ್ಟೆಯ ಮೇಲೆ, ಆಕಾಶವಾಣಿಯ ಪ್ರಕಟಣೆಯಲ್ಲಿ ‘ಮತ್ತು ಸಂಗಡಿಗರು’ ಎಂದಾದವು. ಎಷ್ಟು ಹಾಡುಗಳಲ್ಲಿ ಆ ಸಂಗಡಿಗರ ಆಲಾಪವೇ ಜನರ ನಾಲಿಗೆಯ ಮೇಲಿದೆ ಎಂಬುದನ್ನು ನಿಮ್ಮ ಓದುಗರು ಒಮ್ಮೆ ಯೋಚಿಸಲಿ. ಪಲ್ಲವಿಗೂ ಮುನ್ನ ಬರುವ ಹೆಣ್ಣುಮಕ್ಕಳ ಗುನುಗನ್ನು ಬಸ್ಸಿನಲ್ಲಿ ಯಾರಾದರೂ ಗುನುಗಿದರೆ ಸಾಕು, ಪಕ್ಕದವರು ಹಾಡನ್ನು ಗುರುತಿಸುತ್ತಾರೆ.

ಒಮ್ಮೆ ಭಾವಗೀತೆಯ ಕ್ಯಾಸೆಟ್ಟೊಂದಕ್ಕೆ ನಾನು ಟ್ರ್ಯಾಕ್ ಹಾಡಿದ್ದೆ. ಮುಖ್ಯ ಗಾಯಕಿ ಬಂದು ತಮ್ಮ ಭಾಗ ಹಾಡಿದರು, ಆದರೆ ಎರಡು ಹಾಡುಗಳ ಆಲಾಪಕ್ಕೆ ಅವರಿಗೆ ಸಮಯ ಸಿಗಲಿಲ್ಲ. ನನ್ನ ದನಿಯನ್ನೇ ಉಳಿಸಿಕೊಂಡರು. ಕ್ಯಾಸೆಟ್ ಬಂದಾಗ ಒಳಗಿನ ಕಾಗದದಲ್ಲಿ ನನ್ನ ಹೆಸರಿರಲಿಲ್ಲ. ಕೇಳಲು ಹೋದಾಗ ವ್ಯವಸ್ಥಾಪಕರು ಜಾಗವಿರಲಿಲ್ಲ ಎಂದರು. ಆ ಕಾಗದದ ಅರ್ಧ ಭಾಗದಲ್ಲಿ ಅದೇ ಕಂಪನಿಯ ಬೇರೆ ಕ್ಯಾಸೆಟ್ಟುಗಳ ಜಾಹೀರಾತು ಇತ್ತು. ಆ ಆಲಾಪವನ್ನು ಮದುವೆಮನೆಗಳಲ್ಲಿ ಕೇಳಿದಾಗ ಇಂದಿಗೂ ಸಂತೋಷವೂ ಸಂಕಟವೂ ಒಟ್ಟಿಗೆ ಆಗುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಅದು ನಾನು ಎಂದು ಹೇಳಿದರೆ ನಂಬಲು ಆಧಾರವೇ ಇಲ್ಲ.

ಕಾನೂನು ಬದಲಾಗಿದೆಯಲ್ಲ ಎನ್ನಬಹುದು. ಹೌದು, 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ಆದ ತಿದ್ದುಪಡಿ ಹಾಡುಗಾರರಿಗೆ ದೊಡ್ಡ ಬಲ ತಂದಿತು. ವಾಣಿಜ್ಯ ಬಳಕೆಯಲ್ಲಿ ರಾಯಧನ, ಇದು ನನ್ನ ಗಾಯನ ಎಂದು ಗುರುತಿಸಿಕೊಳ್ಳುವ ಹಕ್ಕು ಎರಡೂ ಅದರಲ್ಲಿವೆ. ಆದರೆ ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತೂ ಇದೆ. ಚಲನಚಿತ್ರದಲ್ಲಿ ಯಾರ ಪಾಲು ಸಾಂದರ್ಭಿಕವೋ, ಉದ್ಯಮದ ರೂಢಿಯಂತೆ ಯಾರ ಹೆಸರನ್ನು ಎಲ್ಲಿಯೂ ಹಾಕುವುದಿಲ್ಲವೋ, ಅವರನ್ನು ಕಲಾವಿದರೆಂದು ಪರಿಗಣಿಸತಕ್ಕದ್ದಲ್ಲ ಎನ್ನುತ್ತದೆ. ಅವರ ಪ್ರದರ್ಶನವನ್ನು ಯಾರಾದರೂ ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕೊಂದು ಮಾತ್ರ ಅವರಿಗೆ ಉಳಿಯುತ್ತದೆ. ಇದನ್ನು ಓದಿದಾಗ ನನಗೆ ಮೈ ಉರಿಯಿತು. ಹೆಸರು ಹಾಕದಿರುವುದು ರೂಢಿ, ರೂಢಿಯಾದ್ದರಿಂದ ಕಲಾವಿದರಲ್ಲ, ಕಲಾವಿದರಲ್ಲದ ಮೇಲೆ ಹೆಸರು ಕೇಳುವ ಹಕ್ಕಿಲ್ಲ. ಕೋರಸ್ಸಿನವರ ಪಾಲು ಸಾಂದರ್ಭಿಕವಲ್ಲ ಎಂದು ನಾನು ನೂರು ಹಾಡುಗಳನ್ನು ಮುಂದಿಟ್ಟು ವಾದಿಸಬಲ್ಲೆ. ಆದರೆ ದಿನಗೂಲಿಯಂತೆ ಹಾಡಿ ಬರುವ ಹೆಣ್ಣುಮಗಳು ಯಾವ ವಕೀಲರ ಬಳಿ ಹೋಗಿಯಾಳು? ಇಂಥ ಕಡೆ ರೂಢಿಯನ್ನೇ ಬದಲಿಸುವುದು ನ್ಯಾಯಾಲಯಕ್ಕಿಂತ ಹತ್ತಿರದ ದಾರಿ. ರೂಢಿ ಬದಲಾಗುವುದರಲ್ಲಿ ಪತ್ರಿಕೆಗಳ ಪಾತ್ರ ಸಣ್ಣದಲ್ಲ.

ಈಗ ಜಾಗದ ನೆಪವೂ ಇಲ್ಲ. ಮೊಬೈಲಿನ ಆ್ಯಪ್‌ಗಳಲ್ಲಿ ಹಾಡಿನ ಜೊತೆ ಎಷ್ಟು ಹೆಸರುಗಳನ್ನಾದರೂ ಸೇರಿಸಬಹುದು. ಯೂಟ್ಯೂಬಿನ ವಿವರಣೆಯಲ್ಲಿ ಸಾಲುಗಟ್ಟಲೆ ಬರೆಯಬಹುದು. ಕೆಲವು ಹೊಸ ಸಂಗೀತ ನಿರ್ದೇಶಕರು ಕೋರಸ್ಸಿನ ಪ್ರತಿಯೊಬ್ಬರ ಹೆಸರನ್ನೂ ಹಾಕುತ್ತಿದ್ದಾರೆ, ಅದನ್ನು ಕಂಡು ನನಗೆ ನಿಜಕ್ಕೂ ಖುಷಿಯಾಗಿದೆ. ನಿಮ್ಮ ಪತ್ರಿಕೆಯ ಹಾಡಿನ ವಿಮರ್ಶೆಗಳು ಮಾತ್ರ ಇನ್ನೂ ಗಾಯಕ, ಸಾಹಿತಿ, ಸಂಗೀತ ನಿರ್ದೇಶಕ ಈ ಮೂವರಲ್ಲಿಯೇ ನಿಂತಿವೆ. ವಿಮರ್ಶಕರು ಒಂದು ದೂರವಾಣಿ ಕರೆ ಮಾಡಿ, ಆ ನಡುವಿನ ದನಿ ಯಾರದು ಎಂದು ಕೇಳಲಿ. ಚಿತ್ರತಂಡಕ್ಕೆ ಗೊತ್ತಿರದಿದ್ದರೆ ಅದನ್ನೂ ಬರೆಯಲಿ, ಮುಂದಿನ ಸಲ ಅವರು ತಿಳಿದುಕೊಂಡಿರುತ್ತಾರೆ.

ನನ್ನ ಬಳಿ ಕೆಲವು ಹಳೆಯ ನೋಟ್‌ಬುಕ್‌ಗಳಿವೆ. ಸ್ಟುಡಿಯೋದಿಂದ ಬಂದ ರಾತ್ರಿ ಹಾಡಿನ ಮೊದಲ ಸಾಲು, ಸಂಗೀತ ನಿರ್ದೇಶಕರು, ತಾರೀಖು, ಜೊತೆಯಲ್ಲಿ ನಿಂತು ಹಾಡಿದವರು ಯಾರು ಯಾರು ಎಂದು ಬರೆದಿಡುವುದು ನನ್ನ ಅಭ್ಯಾಸವಾಗಿತ್ತು. ಸಂಭಾವನೆಯ ಲೆಕ್ಕಕ್ಕೆಂದು ಆರಂಭಿಸಿದ್ದು, ಈಗ ಅದು ಬೇರೆಲ್ಲಿಯೂ ಇಲ್ಲದ ದಾಖಲೆ. ಅದರಲ್ಲಿರುವ ಕೆಲವರು ತೀರಿಕೊಂಡಿದ್ದಾರೆ. ಕೆಲವರ ಮಕ್ಕಳಿಗೆ ತಮ್ಮ ತಾಯಿ ಯಾವ ಹಾಡಿನಲ್ಲಿದ್ದಾರೆಂಬುದೇ ತಿಳಿಯದು. ಪತ್ರಿಕೆ ಒಪ್ಪಿದರೆ ಆ ಪುಟಗಳ ಪ್ರತಿ ಮಾಡಿಸಿ ಕಳುಹಿಸುತ್ತೇನೆ. ಬದುಕಿರುವವರನ್ನೂ ತೀರಿಕೊಂಡವರ ಮನೆಯವರನ್ನೂ ಕೇಳಿ ಒಪ್ಪಿಗೆ ಪಡೆಯುವ ಕೆಲಸ ನನ್ನದು. ವಾರಕ್ಕೊಂದು ಹಾಡು, ಅದರ ಕೆಳಗೆ ಅದರ ಸಂಗಡಿಗರ ಹೆಸರು, ಇಷ್ಟಕ್ಕೆ ಪುರವಣಿಯಲ್ಲಿ ನಾಲ್ಕು ಬೆರಳಿನ ಜಾಗ ಸಾಕು. ಬೇರೆ ಕೋರಸ್ ಗಾಯಕರ ಬಳಿಯೂ ಇಂಥ ಟಿಪ್ಪಣಿಗಳಿರಬಹುದು, ಅವರೂ ಪತ್ರಿಕೆಗೆ ಬರೆಯಲಿ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ವಂದನೆಗಳೊಂದಿಗೆ,

ನಿಮ್ಮ ಹಳೆಯ ಓದುಗರಲ್ಲೊಬ್ಬಳು,
ಕೋರಸ್ ಗಾಯಕಿ, ಮೈಸೂರು